ಕುಟುಂಬದ ಮನೆಗೆ ಯಾವ ಬಡಾವಣೆ? ಹೋಲಿಸಿ ನೋಡುವ ಕ್ರಮ

ಮನೆ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮನೆಗಳನ್ನು ಹೋಲಿಸುತ್ತಾರೆಯೇ ಹೊರತು ಬಡಾವಣೆಗಳನ್ನು ಹೋಲಿಸುವುದಿಲ್ಲ. ಕೋಣೆಗಳು ಎಷ್ಟು, ಅಡುಗೆಮನೆಗೆ ಬೆಳಕು ಬರುತ್ತದೆಯೇ, ವಾಹನ ನಿಲ್ಲಿಸಲು ಜಾಗವಿದೆಯೇ ಎಂಬ ವಿಚಾರಣೆಯಲ್ಲೇ ವಾರಗಳು ಕಳೆಯುತ್ತವೆ. ಆ ಮನೆ ಊರಿನ ಯಾವ ಭಾಗದಲ್ಲಿರಬೇಕು ಎಂಬುದು ಮಾತ್ರ ಕೈಯಲ್ಲಿರುವ ಹಣ ಮತ್ತು ಪರಿಚಯದವರ ಮಾತು ಇವೆರಡರ ನಡುವೆ ತಾನಾಗಿಯೇ ತೀರ್ಮಾನವಾಗಿಬಿಡುತ್ತದೆ. ಇದು ತಲೆಕೆಳಗಾದ ಕ್ರಮ. ಕೊಂಡ ಮೇಲೆ ಗೋಡೆ ಒಡೆಸಬಹುದು, ಕಿಟಕಿ ಅಗಲ ಮಾಡಿಸಬಹುದು, ಹಣ ಕೂಡಿದಾಗ ಮೇಲೊಂದು ಕೋಣೆಯನ್ನೂ ಕಟ್ಟಿಸಬಹುದು. ಆದರೆ ಕೆಲಸದ ಸ್ಥಳಕ್ಕಿರುವ ದೂರವನ್ನಾಗಲಿ, ನೆಲದ ತಗ್ಗನ್ನಾಗಲಿ, ಪಕ್ಕದಲ್ಲಿ ಹಾದುಹೋಗುವ ಹೆದ್ದಾರಿಯನ್ನಾಗಲಿ ಬದಲಿಸುವುದು ಯಾವ ಮನೆಯೊಡೆಯನ ಕೈಯಲ್ಲೂ ಇಲ್ಲ.

ಹೋಲಿಕೆಗೆ ಅನೇಕರು ಅನುಸರಿಸುವ ಪದ್ಧತಿಯೆಂದರೆ ಒಂದು ಪಟ್ಟಿ ಮಾಡಿ, ಪ್ರತಿ ಅಂಶಕ್ಕೂ ಹತ್ತರಲ್ಲಿ ಇಷ್ಟು ಎಂದು ಅಂಕ ಹಾಕಿ, ಕೊನೆಗೆ ಕೂಡಿಸಿ ನೋಡುವುದು. ನೋಡಲು ಇದು ಬಹಳ ವ್ಯವಸ್ಥಿತವಾಗಿ ಕಾಣುತ್ತದೆ, ಆದರೆ ದಾರಿ ತಪ್ಪಿಸುತ್ತದೆ. ಉದ್ಯಾನಕ್ಕೆ ಸಿಕ್ಕ ಒಂಬತ್ತು ಅಂಕ, ಮಳೆನೀರಿನ ವಿಷಯದಲ್ಲಿ ಸಿಕ್ಕ ಎರಡು ಅಂಕವನ್ನು ಮುಚ್ಚಿಹಾಕುತ್ತದೆ. ನೀರು ನುಗ್ಗುವ ಮನೆಗೆ ಉದ್ಯಾನ ಪರಿಹಾರವಲ್ಲ. ಬದಲಿಸಲಾಗದ ಅಂಶಗಳನ್ನು ಮೊದಲು ನೋಡಿ, ಅವುಗಳಲ್ಲಿ ಒಂದರಲ್ಲಿ ಸೋತರೂ ಆ ಬಡಾವಣೆಯನ್ನು ಪಟ್ಟಿಯಿಂದಲೇ ತೆಗೆದು, ಉಳಿದವುಗಳ ನಡುವೆ ಮಾತ್ರ ಬೆಲೆ, ವಿಸ್ತಾರ, ಸೌಕರ್ಯಗಳ ಕೊಡುಕೊಳ್ಳುವಿಕೆ ಮಾಡುವುದು ಹೆಚ್ಚು ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ.

ನಾಲ್ಕು ಬಗೆಯ ಬಡಾವಣೆಗಳು

ಊರು ಯಾವುದೇ ಇರಲಿ, ಕೊಳ್ಳುವವರ ಮುಂದಿರುವ ಆಯ್ಕೆಗಳು ಸಾಮಾನ್ಯವಾಗಿ ನಾಲ್ಕು ಬಗೆಯವು. ಮೊದಲನೆಯದು ನಗರಕೇಂದ್ರಕ್ಕೆ ಅಂಟಿಕೊಂಡ ಹಳೆಯ ಬಡಾವಣೆ. ಇಲ್ಲಿ ಶಾಲೆ, ಆಸ್ಪತ್ರೆ, ಅಂಗಡಿಗಳು ನಡಿಗೆಯ ದೂರದಲ್ಲಿರುತ್ತವೆ. ಆದರೆ ಜಾಗ ಇಕ್ಕಟ್ಟು, ಕಟ್ಟಡಗಳಿಗೆ ವಯಸ್ಸಾಗಿರುತ್ತದೆ, ಬೆಲೆಯ ಬಹುಪಾಲು ನೆಲಕ್ಕೇ ಹೋಗುತ್ತದೆ. ಎರಡನೆಯದು ರೈಲು ಅಥವಾ ಮೆಟ್ರೋ ಮಾರ್ಗದ ಗುಂಟ ಬೆಳೆದ ನಡುವಲಯದ ಬಡಾವಣೆ. ಮೂರನೆಯದು ಊರಿನ ಅಂಚಿನಲ್ಲಿ ಹೊಸದಾಗಿ ಎದ್ದ ಬಡಾವಣೆ. ಅಗಲವಾದ ರಸ್ತೆ, ಹೊಸ ಮನೆ, ಕಡಿಮೆ ಬೆಲೆ ಇದರ ಆಕರ್ಷಣೆಯಾದರೆ, ಇನ್ನೂ ಬರಬೇಕಾಗಿರುವ ಸೌಲಭ್ಯಗಳು ಇದರ ಕೊರತೆ.

ನಾಲ್ಕನೆಯದು ತನ್ನದೇ ಉದ್ಯೋಗ, ಮಾರುಕಟ್ಟೆ, ಶಾಲೆಗಳನ್ನು ಹೊಂದಿರುವ ಉಪಗ್ರಹ ಪಟ್ಟಣ. ವಾಸ ಮತ್ತು ಕೆಲಸ ಒಂದೇ ಕಡೆ ಇರಬೇಕೆಂಬ ಎಬೆನೆಜರ್ ಹೊವಾರ್ಡ್ ಅವರ ಕಲ್ಪನೆಯಂತೆ ಇಂಗ್ಲೆಂಡಿನಲ್ಲಿ ಲೆಚ್‌ವರ್ತ್ ಎಂಬ ಉದ್ಯಾನನಗರದ ಸ್ಥಾಪನೆಗೆ 1903ರಲ್ಲಿ ಕೈಹಾಕಲಾಯಿತು. ಅಲ್ಲಿಂದೀಚೆಗೆ ಜಗತ್ತಿನ ಅನೇಕ ಕಡೆ ಆ ಮಾದರಿಯ ಪಟ್ಟಣಗಳು ಎದ್ದಿವೆ. ಇಂಥ ಪಟ್ಟಣವನ್ನು ಪರೀಕ್ಷಿಸಲು ಕೇಳಬೇಕಾದ ಪ್ರಶ್ನೆ ಒಂದೇ: ಅಲ್ಲಿನವರಿಗೆ ಕೆಲಸ ನಿಜವಾಗಿಯೂ ಅಲ್ಲೇ ಸಿಗುತ್ತದೆಯೇ? ಬೆಳಿಗ್ಗೆ ಅಲ್ಲಿಂದ ಹೊರಡುವ ವಾಹನಗಳು ತುಂಬಿ ತುಳುಕುತ್ತಿದ್ದು, ಅಲ್ಲಿಗೆ ಬರುವ ವಾಹನಗಳು ಖಾಲಿಯಾಗಿದ್ದರೆ ಅದು ಹೆಸರಿಗೆ ಮಾತ್ರ ಪಟ್ಟಣ, ವಾಸ್ತವದಲ್ಲಿ ದೂರದ ಇನ್ನೊಂದು ಬಡಾವಣೆ.

ದೂರವನ್ನು ಗಂಟೆಗಳಲ್ಲಿ ಅಳೆಯುವುದು

ಮಾರಾಟದ ಜಾಹೀರಾತು ದೂರವನ್ನು ಕಿಲೋಮೀಟರುಗಳಲ್ಲಿ ಹೇಳುತ್ತದೆ. ಬಡಾವಣೆಯಲ್ಲಿ ವಾಸಿಸುವವರು ಅದನ್ನು ಗಂಟೆಗಳಲ್ಲಿ ಅನುಭವಿಸುತ್ತಾರೆ. ಇಟಲಿಯ ಭೌತವಿಜ್ಞಾನಿ ಸೆಸಾರೆ ಮಾರ್ಕೆಟ್ಟಿ 1994ರಲ್ಲಿ ಗಮನಿಸಿದಂತೆ, ಬೇರೆ ಬೇರೆ ಕಾಲ ಮತ್ತು ಸಮಾಜಗಳಲ್ಲಿ ಜನರು ದಿನದ ಓಡಾಟಕ್ಕೆ ಸರಾಸರಿ ಸುಮಾರು ಒಂದು ಗಂಟೆಯನ್ನು ಮೀಸಲಿಡುತ್ತಾರೆ. ವಾಹನ ವೇಗವಾದರೆ ಊರು ಅಗಲವಾಗುತ್ತದೆಯೇ ಹೊರತು ಆ ಒಂದು ಗಂಟೆ ಕಡಿಮೆಯಾಗುವುದಿಲ್ಲ. ಕೊಳ್ಳುವವರಿಗೆ ಇದು ಒಳ್ಳೆಯ ಅಳತೆಗೋಲು. ಹೋಗಿಬರುವ ಎರಡೂ ಪಯಣ ಸೇರಿ ಒಂದು ಗಂಟೆಯ ಆಸುಪಾಸಿನಲ್ಲಿದ್ದರೆ ಸಹಿಸಬಹುದು; ಎರಡು ಗಂಟೆ ದಾಟಿದರೆ ಆ ಹೊರೆ ನಿದ್ದೆಯಿಂದಲೋ, ಮಕ್ಕಳ ಜೊತೆಗಿನ ಸಂಜೆಯಿಂದಲೋ ಕಡಿತವಾಗಲೇಬೇಕು.

ಲೆಕ್ಕ ಹಾಕಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಒಂದು ಬಡಾವಣೆಯಿಂದ ಕಚೇರಿಗೆ 35 ನಿಮಿಷ, ಇನ್ನೊಂದರಿಂದ 70 ನಿಮಿಷ ಎಂದಿಟ್ಟುಕೊಳ್ಳೋಣ. ದಿನಕ್ಕೆ 70 ನಿಮಿಷದ ವ್ಯತ್ಯಾಸ; ವರ್ಷಕ್ಕೆ 240 ಕೆಲಸದ ದಿನಗಳೆಂದರೆ 280 ಗಂಟೆ. ಎಂಟು ಗಂಟೆಯ ದುಡಿಮೆಯ ಲೆಕ್ಕದಲ್ಲಿ ಅದು 35 ದಿನಗಳು. ಮನೆಯಲ್ಲಿ ದುಡಿಯುವವರು ಇಬ್ಬರಿದ್ದು, ಇಬ್ಬರೂ ಅದೇ ದಿಕ್ಕಿಗೆ ಹೋಗುವವರಾದರೆ ಎಪ್ಪತ್ತು ದಿನಗಳು.

ಭೂಮಿಯ ಬೆಲೆ ಕೇಂದ್ರದಿಂದ ದೂರ ಹೋದಂತೆ ಇಳಿಯುವುದೇಕೆ ಎಂಬುದನ್ನು ಅರ್ಥಶಾಸ್ತ್ರಜ್ಞ ವಿಲಿಯಂ ಅಲೋನ್ಸೊ 1964ರಲ್ಲಿ ವಿವರಿಸಿದ್ದರು: ಓಡಾಟದ ಖರ್ಚು ಏರಿದಷ್ಟೂ ನೆಲಕ್ಕೆ ಕೊಡಲು ಜನರು ಸಿದ್ಧರಿರುವ ಬೆಲೆ ಇಳಿಯುತ್ತದೆ. ಅಂದರೆ ದೂರದ ಮನೆ ಅಗ್ಗವಾಗಿರುವುದು ಯಾರ ಔದಾರ್ಯದಿಂದಲೂ ಅಲ್ಲ. ಮುಂದೆ ದಾರಿಯಲ್ಲಿ ತೆರಬೇಕಾದದ್ದನ್ನು ಬೆಲೆಯಲ್ಲಿ ಮುಂಗಡವಾಗಿ ಕಳೆದಿರುತ್ತಾರೆ. ಹಾಗೆ ಕಳೆದದ್ದು ಸಾಲುತ್ತದೆಯೇ? ಜರ್ಮನಿಯ ಅಂಕಿಅಂಶಗಳನ್ನು ಆಧರಿಸಿ ಅಲೋಯಿಸ್ ಸ್ಟುಟ್ಜರ್ ಮತ್ತು ಬ್ರೂನೊ ಫ್ರೈ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಉತ್ತರ, ಸಾಲುವುದಿಲ್ಲ ಎಂಬುದು. ದೀರ್ಘ ಪಯಣ ಮಾಡುವವರು ತಮ್ಮ ಬದುಕಿನ ಬಗ್ಗೆ ಒಟ್ಟಾರೆ ಕಡಿಮೆ ತೃಪ್ತಿಯನ್ನೇ ಹೇಳಿಕೊಂಡಿದ್ದರು. ನನಗಿದು ಅಚ್ಚರಿಯೆನಿಸುವುದಿಲ್ಲ. ವಿಶಾಲವಾದ ಕೋಣೆಗೆ ಮನಸ್ಸು ಕೆಲವೇ ತಿಂಗಳಲ್ಲಿ ಒಗ್ಗಿಕೊಂಡು ಅದನ್ನು ಗಮನಿಸುವುದನ್ನೇ ಬಿಡುತ್ತದೆ; ಇವತ್ತು ನಲವತ್ತು ನಿಮಿಷ, ನಾಳೆ ತೊಂಬತ್ತು ನಿಮಿಷ ಎಂಬಂಥ ದಾರಿಗೆ ಯಾರೂ ಒಗ್ಗಿಕೊಳ್ಳುವುದಿಲ್ಲ.

ಆದ್ದರಿಂದ ಸರಾಸರಿ ಸಮಯದ ಜೊತೆಗೆ ಏರುಪೇರನ್ನೂ ಹೋಲಿಸಬೇಕು. ಪಯಣದ ಸಮಯವನ್ನು ಭಾನುವಾರ ಬೆಳಿಗ್ಗೆ ಮನೆ ನೋಡಲು ಹೋದಾಗ ಅಳೆದರೆ ಪ್ರಯೋಜನವಿಲ್ಲ. ಕೆಲಸದ ದಿನ, ಕೆಲಸಕ್ಕೆ ಹೊರಡುವ ಹೊತ್ತಿಗೆ, ಮನೆಯ ಬಾಗಿಲಿನಿಂದ ಕಚೇರಿಯ ಬಾಗಿಲಿನವರೆಗೆ ಅಳೆಯಬೇಕು. ಬಸ್ಸು ಅಥವಾ ರೈಲನ್ನು ನಂಬುವವರಾದರೆ ನಿಲ್ದಾಣದ ಸಾಮೀಪ್ಯದಷ್ಟೇ ಮುಖ್ಯವಾದದ್ದು ಎಷ್ಟು ಹೊತ್ತಿಗೊಂದು ಬರುತ್ತದೆ ಎಂಬುದು. ವೇಳಾಪಟ್ಟಿ ನೋಡದೆ ನಿಲ್ದಾಣಕ್ಕೆ ಹೋದವರು ಹತ್ತು ನಿಮಿಷಕ್ಕೊಂದು ಬರುವ ಬಸ್ಸಿಗೆ ಸರಾಸರಿ ಐದು ನಿಮಿಷ ಕಾಯುತ್ತಾರೆ, ನಲವತ್ತು ನಿಮಿಷಕ್ಕೊಂದು ಬರುವುದಕ್ಕೆ ಇಪ್ಪತ್ತು ನಿಮಿಷ. ದಾರಿಯಲ್ಲಿ ಒಮ್ಮೆ ಬಸ್ಸು ಬದಲಿಸಬೇಕಾದರೆ ಇದು ಎರಡು ಬಾರಿ ಸೇರುತ್ತದೆ. ನಕ್ಷೆಯಲ್ಲಿ ನಿಲ್ದಾಣ 500 ಮೀಟರ್ ದೂರದಲ್ಲಿದ್ದರೂ, ನಡುವೆ ರೈಲುಹಳಿಯೋ ಉದ್ದನೆಯ ಕಾಂಪೌಂಡ್ ಗೋಡೆಯೋ ಇದ್ದರೆ ನಡೆಯಬೇಕಾದ ದಾರಿ ಅದರ ಎರಡರಷ್ಟಾಗಬಹುದು. ಕಾಲುಗಳಿಗೆ ಲೆಕ್ಕ ಸಿಗುವುದು ನಡೆದು ನೋಡಿದಾಗ ಮಾತ್ರ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ನಡೆಯುವವರಿಗೆ 800 ಮೀಟರ್ ಎಂದರೆ ಸುಮಾರು ಹತ್ತು ನಿಮಿಷ, ಮಗುವನ್ನು ಎತ್ತಿಕೊಂಡವರಿಗೂ ವಯಸ್ಸಾದವರಿಗೂ ಅದಕ್ಕಿಂತ ಹೆಚ್ಚು.

ಬೆಲೆ ಮತ್ತು ವೆಚ್ಚ ಬೇರೆ ಬೇರೆ

ಎರಡು ಬಡಾವಣೆಗಳ ಮನೆಬೆಲೆಯನ್ನು ಮಾತ್ರ ಪಕ್ಕಪಕ್ಕದಲ್ಲಿಟ್ಟು ನೋಡುವುದು ಅರ್ಧ ಲೆಕ್ಕ. ಅಮೆರಿಕದಲ್ಲಿ ಸೆಂಟರ್ ಫಾರ್ ನೈಬರ್‌ಹುಡ್ ಟೆಕ್ನಾಲಜಿ ಎಂಬ ಸಂಸ್ಥೆ ವಸತಿ ಮತ್ತು ಸಾರಿಗೆ ಎರಡನ್ನೂ ಕೂಡಿಸಿಯೇ ಕೈಗೆಟಕುವಿಕೆಯನ್ನು ಅಳೆಯುತ್ತದೆ. ಎರಡೂ ಸೇರಿ ಕುಟುಂಬದ ಆದಾಯದ ಶೇಕಡಾ 45ರೊಳಗೆ ಇರಬೇಕು ಎಂಬುದು ಅದರ ಮಿತಿ. ಅಂಕಿ ದೇಶದಿಂದ ದೇಶಕ್ಕೆ ಬದಲಾಗಬಹುದು, ಆದರೆ ಎರಡನ್ನೂ ಕೂಡಿಸಬೇಕು ಎಂಬ ತರ್ಕ ಎಲ್ಲೆಡೆ ಸಲ್ಲುತ್ತದೆ.

ಹತ್ತಿರದ ಮನೆಯ ಬೆಲೆ 100 ಪಾಲು, ದೂರದ್ದು 80 ಪಾಲು ಎಂದುಕೊಳ್ಳೋಣ. ಶೇಕಡಾ 8ರ ಬಡ್ಡಿಯಲ್ಲಿ 20 ವರ್ಷದ ಗೃಹಸಾಲ ತೆಗೆದರೆ ತೀರಿಸುವಷ್ಟರಲ್ಲಿ ಅಸಲಿನ ಸುಮಾರು ಎರಡರಷ್ಟು ಕಟ್ಟಿರುತ್ತೇವೆ. ಹಾಗಾಗಿ ಸಾಲದಿಂದಲೇ ತುಂಬಬೇಕಾದ ಆ 20 ಪಾಲಿನ ವ್ಯತ್ಯಾಸ ಕೊನೆಗೆ 40 ಪಾಲಾಗುತ್ತದೆ. ಇಲ್ಲಿಯವರೆಗೆ ದೂರದ ಮನೆಯೇ ಗೆದ್ದಂತೆ ಕಾಣುತ್ತದೆ. ಆದರೆ ಅಲ್ಲಿ ಬದುಕಲು ಮನೆಗೆ ಎರಡನೆಯ ಕಾರು ಬೇಕಾದರೆ, 20 ವರ್ಷಗಳಲ್ಲಿ ಅದನ್ನು ಒಮ್ಮೆಯಾದರೂ ಬದಲಿಸಬೇಕು; ಇಂಧನ, ವಿಮೆ, ದುರಸ್ತಿ, ನಿಲುಗಡೆ ಶುಲ್ಕ ತಪ್ಪಿದ್ದಲ್ಲ. ಇದೆಲ್ಲದರ ತಿಂಗಳ ಮೊತ್ತವನ್ನು ಎರಡು ಸಾಲಗಳ ಕಂತಿನ ವ್ಯತ್ಯಾಸದ ಪಕ್ಕದಲ್ಲಿ ಬರೆದು ನೋಡಬೇಕು. ಅನೇಕ ಸಲ ಎರಡೂ ಹತ್ತಿರ ಹತ್ತಿರ ಬರುತ್ತವೆ. ಆಗ ಇನ್ನೊಂದು ಮಾತನ್ನು ನೆನಪಿಡಬೇಕು: ಕಂತಿಗೆ ಹೋದ ಹಣದಲ್ಲಿ ಅಸಲಿನ ಪಾಲು ನೆಲವಾಗಿ ಉಳಿಯುತ್ತದೆ, ಇಂಧನಕ್ಕೆ ಹೋದದ್ದು ಹೊಗೆಯಾಗಿ ಹೋಗುತ್ತದೆ. ಹಾಗೆಂದು ಹತ್ತಿರದ ಬಡಾವಣೆಗಾಗಿ ಮೈತುಂಬ ಸಾಲ ಮಾಡಿಕೊಳ್ಳುವುದನ್ನೂ ನಾನು ಒಪ್ಪುವುದಿಲ್ಲ. ಒಬ್ಬರ ಕೆಲಸ ಹೋದರೆ ಆರು ತಿಂಗಳು ಕಂತು ಕಟ್ಟಲು ಆಗದಂಥ ಮನೆ, ಎಷ್ಟೇ ಹತ್ತಿರವಿದ್ದರೂ ನೆಮ್ಮದಿ ಕೊಡದು.

ಹಳೆಯ ಬಡಾವಣೆಯ ಲೆಕ್ಕದಲ್ಲಿ ದುರಸ್ತಿಯನ್ನೂ, ಹೊಸ ಬಡಾವಣೆಯ ಲೆಕ್ಕದಲ್ಲಿ ನಿರ್ವಹಣಾ ಶುಲ್ಕವನ್ನೂ ಮರೆಯಬಾರದು. ತಳದಿಂದಲೇ ಕೊಳವೆ, ವಿದ್ಯುತ್ ತಂತಿ ಬದಲಿಸಬೇಕಾದ ಮನೆಯ ನಿಜವಾದ ಬೆಲೆ ಬೇರೆಯೇ ಇರುತ್ತದೆ.

ನೆಲ, ನೀರು

ಪಟ್ಟಿಯಿಂದ ಹೆಸರು ಹೊಡೆದುಹಾಕಲು ನಾನು ಮೊದಲು ನೋಡುವುದು ನೀರನ್ನು. ಪ್ರವಾಹದ ನಕ್ಷೆಗಳಲ್ಲಿ ‘ನೂರು ವರ್ಷಕ್ಕೊಮ್ಮೆ’ ಎಂದು ಬರೆದಿರುವುದನ್ನು ಕಂಡು, ನಮ್ಮ ಕಾಲದಲ್ಲಿ ಬಾರದು ಎಂದು ಸಮಾಧಾನ ಪಡುವವರಿದ್ದಾರೆ. ಅದರ ಅರ್ಥ ಪ್ರತಿ ವರ್ಷವೂ ನೂರಕ್ಕೆ ಒಂದರಷ್ಟು ಸಾಧ್ಯತೆ ಇದೆ ಎಂದು. 30 ವರ್ಷ ಆ ಮನೆಯಲ್ಲಿ ವಾಸಿಸಿದರೆ ಒಮ್ಮೆಯಾದರೂ ಅಂಥ ನೆರೆ ಕಾಣುವ ಸಾಧ್ಯತೆ ಶೇಕಡಾ 26, ಅಂದರೆ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು. ಸುತ್ತಲಿನ ಬಯಲೆಲ್ಲ ಕಾಂಕ್ರೀಟಾಗಿ ನೀರು ಇಂಗುವ ಜಾಗ ಕಡಿಮೆಯಾದರೆ ಈ ಹಳೆಯ ಅಂದಾಜೂ ಸಾಲದು.

ನಕ್ಷೆ ಸಿಗದ ಕಡೆ ಬೀದಿಯೇ ಸಾಕ್ಷಿ ಹೇಳುತ್ತದೆ. ಹಳೆಯ ಮನೆಗಳ ಕಾಂಪೌಂಡ್ ಗೋಡೆಗಳನ್ನು ಸಾಲಾಗಿ ನೋಡುತ್ತ ನಡೆದರೆ, ಮೊಣಕಾಲಿನ ಎತ್ತರದಲ್ಲಿ ಒಂದೇ ಮಟ್ಟಕ್ಕೆ ಎಳೆದಂತಿರುವ ಕಂದು ಗೆರೆ ಕಾಣಬಹುದು. ಅದು ನಿಂತ ನೀರಿನ ಗುರುತು. ಒಂದು ಮನೆಯ ವಿದ್ಯುತ್ ಮೀಟರು ಎದೆಯೆತ್ತರಕ್ಕಿದ್ದು, ಪಕ್ಕದ ಮನೆಯದನ್ನು ಇತ್ತೀಚೆಗೆ ತಲೆಯ ಮೇಲಕ್ಕೆ ಏರಿಸಿದ್ದರೆ, ಗೇಟಿನ ಬಳಿ ಹೊಸದಾಗಿ ಅರ್ಧ ಅಡಿಯ ದಿಂಡು ಕಟ್ಟಿದ್ದರೆ, ರಸ್ತೆಗೆ ಪದರದ ಮೇಲೆ ಪದರ ಡಾಂಬರು ಬಿದ್ದು ಹೊಸ್ತಿಲುಗಳು ರಸ್ತೆಗಿಂತ ಕೆಳಗೆ ಉಳಿದಿದ್ದರೆ, ಮಾರುವವರು ಹೇಳದ ಕಥೆ ಅಲ್ಲೇ ಬರೆದಿರುತ್ತದೆ. ಒಂದೇ ಬಡಾವಣೆಯೊಳಗೂ ಮೇಲಿನ ಬೀದಿಗೂ ಕೆಳಗಿನ ಬೀದಿಗೂ ಅಜಗಜಾಂತರವಿರುತ್ತದೆ. ಹೋಲಿಕೆಯನ್ನು ಬಡಾವಣೆಯ ಹೆಸರಿಗೆ ನಿಲ್ಲಿಸದೆ ಬೀದಿಯವರೆಗೂ ಇಳಿಸಬೇಕಾದದ್ದು ಈ ಕಾರಣಕ್ಕೆ. ಕುಡಿಯುವ ನೀರು ಎಲ್ಲಿಂದ, ಎಷ್ಟು ಹೊತ್ತು ಬರುತ್ತದೆ, ಒಳಚರಂಡಿ ಊರಿನ ಜಾಲಕ್ಕೆ ಸೇರಿದೆಯೇ ಎಂಬುದನ್ನು ಅಲ್ಲಿ ಈಗಾಗಲೇ ವಾಸಿಸುತ್ತಿರುವವರಲ್ಲೇ ಕೇಳಬೇಕು, ಮಧ್ಯವರ್ತಿಯಲ್ಲಲ್ಲ.

ರಸ್ತೆ, ಮಕ್ಕಳು, ಶಾಲೆ

ಮುಖ್ಯರಸ್ತೆಗೆ ಹತ್ತಿರವಿರುವುದು ಅನುಕೂಲ, ಅದರ ಮೇಲೆಯೇ ಇರುವುದು ಶಿಕ್ಷೆ. ವಿಶ್ವ ಆರೋಗ್ಯ ಸಂಸ್ಥೆ ಯೂರೋಪಿಗಾಗಿ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ, ರಸ್ತೆ ಸಂಚಾರದ ಸದ್ದು ದಿನವಿಡೀ ಸರಾಸರಿಯಲ್ಲಿ 53 ಡೆಸಿಬಲ್, ರಾತ್ರಿ 45 ಡೆಸಿಬಲ್ ಮೀರಬಾರದು ಎಂದು ಸಲಹೆ ಮಾಡುತ್ತದೆ. ವಾಹನದ ಹೊಗೆಯ ಪ್ರಭಾವ ಹೆದ್ದಾರಿಯಿಂದ 300ರಿಂದ 500 ಮೀಟರ್‌ವರೆಗಿನ ಪಟ್ಟಿಯಲ್ಲಿ ಹೆಚ್ಚು ಎಂದು ಅಮೆರಿಕದ ಹೆಲ್ತ್ ಎಫೆಕ್ಟ್ಸ್ ಇನ್‌ಸ್ಟಿಟ್ಯೂಟ್ 2010ರಲ್ಲಿ ಗುರುತಿಸಿತ್ತು. ಕಿಟಕಿಗೆ ಎರಡು ಪದರದ ಗಾಜು ಹಾಕಿಸಿ ಸದ್ದನ್ನು ತಡೆಯಬಹುದಾದರೂ, ಮಕ್ಕಳು ಆಡುವುದು ಕಿಟಕಿಯ ಹೊರಗೆ.

ಕುಟುಂಬಕ್ಕೆ ಇದಕ್ಕಿಂತ ಮುಖ್ಯವಾದ ಸಂಗತಿಯನ್ನು ನಗರ ವಿನ್ಯಾಸ ತಜ್ಞ ಡೊನಾಲ್ಡ್ ಆಪಲ್‌ಯಾರ್ಡ್ ಸ್ಯಾನ್ ಫ್ರಾನ್ಸಿಸ್ಕೊದ ಮೂರು ಬೀದಿಗಳನ್ನು ಅಧ್ಯಯನ ಮಾಡಿ ತೋರಿಸಿದರು. ದಿನಕ್ಕೆ ಸುಮಾರು 2,000 ವಾಹನ ಓಡಾಡುವ ಬೀದಿಯ ನಿವಾಸಿಗಳಿಗೆ ತಮ್ಮ ಬೀದಿಯಲ್ಲೇ ಇದ್ದ ಗೆಳೆಯರ ಸಂಖ್ಯೆ, 16,000 ವಾಹನ ಓಡಾಡುವ ಬೀದಿಯವರಿಗಿಂತ ಮೂರು ಪಟ್ಟು ಹೆಚ್ಚಾಗಿತ್ತು. ನೆರೆಹೊರೆ ಒಳ್ಳೆಯದೋ ಅಲ್ಲವೋ ಎಂದು ನಾವು ಜನರ ಸ್ವಭಾವದಲ್ಲಿ ಹುಡುಕುತ್ತೇವೆ. ಅದರ ಒಂದು ಪಾಲು ರಸ್ತೆಯಲ್ಲೇ ಇರುತ್ತದೆ. ಮುಂದೆ ರಸ್ತೆ ಮುಗಿದುಹೋಗುವ, ಅಥವಾ ಒಳಸುತ್ತಿನ ಬೀದಿಯಲ್ಲಿರುವ ಮನೆಗೆ ಸ್ವಲ್ಪ ಹೆಚ್ಚು ಬೆಲೆ ಕೊಡುವುದು ನನ್ನ ದೃಷ್ಟಿಯಲ್ಲಿ ದುಂದಲ್ಲ.

ಶಾಲೆಯ ವಿಷಯದಲ್ಲಿ ಎರಡು ಬಗೆಯ ಊರುಗಳನ್ನು ಬೇರೆಯಾಗಿಯೇ ನೋಡಬೇಕು. ವಾಸಸ್ಥಳದ ಆಧಾರದ ಮೇಲೆ ಪ್ರವೇಶ ಕೊಡುವ ಕಡೆಗಳಲ್ಲಿ ಶಾಲೆಯ ಗುಣಮಟ್ಟ ಮನೆಬೆಲೆಯೊಳಗೇ ಸೇರಿರುತ್ತದೆ. ಅರ್ಥಶಾಸ್ತ್ರಜ್ಞೆ ಸಾಂಡ್ರಾ ಬ್ಲ್ಯಾಕ್ 1999ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಉಪನಗರಗಳಲ್ಲಿ ಶಾಲಾ ಗಡಿಯ ಆಚೀಚೆಗಿನ ಮನೆಗಳನ್ನು ಹೋಲಿಸಿ, ಪರೀಕ್ಷಾ ಅಂಕ ಶೇಕಡಾ 5ರಷ್ಟು ಹೆಚ್ಚಿದ್ದ ಕಡೆ ಪೋಷಕರು ಸುಮಾರು ಶೇಕಡಾ 2.5ರಷ್ಟು ಹೆಚ್ಚು ಬೆಲೆ ಕೊಡುತ್ತಾರೆ ಎಂದು ಕಂಡುಕೊಂಡರು. ಅಂಥ ಊರಿನಲ್ಲಿ ಗಡಿ ಎಲ್ಲಿದೆ ಎಂಬುದನ್ನು ಶಿಕ್ಷಣ ಇಲಾಖೆಯಿಂದಲೇ ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಗಡಿಗಳು ಬದಲಾಗುತ್ತಿರುತ್ತವೆ. ಪ್ರವೇಶಕ್ಕೂ ವಿಳಾಸಕ್ಕೂ ಸಂಬಂಧವಿಲ್ಲದ ಊರಿನಲ್ಲಾದರೆ ‘ಪ್ರತಿಷ್ಠಿತ ಶಾಲೆಯ ಪಕ್ಕ’ ಎಂಬ ಮಾತಿಗೆ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ. ಆ ಶಾಲೆಯಲ್ಲಿ ಜಾಗ ಸಿಗುತ್ತದೆ ಎಂಬ ಭರವಸೆ ಮನೆಯ ಪತ್ರದಲ್ಲಿ ಇರುವುದಿಲ್ಲ, ಶಾಲೆ ಬಿಡುವ ಹೊತ್ತಿನ ವಾಹನದಟ್ಟಣೆ ಮಾತ್ರ ಖಾತ್ರಿ. ರಾಜ್ ಚೆಟ್ಟಿ ಮತ್ತು ನಥಾನಿಯಲ್ ಹೆಂಡ್ರನ್ ಅವರ 2018ರ ಅಧ್ಯಯನಗಳು ಅಮೆರಿಕದ ಮಟ್ಟಿಗೆ ತೋರಿಸಿದಂತೆ, ಒಳ್ಳೆಯ ನೆರೆಹೊರೆಯ ಪ್ರಯೋಜನ ಮಗು ಅಲ್ಲಿ ಕಳೆದ ವರ್ಷಗಳೊಂದಿಗೆ ಬೆಳೆಯುತ್ತ ಹೋಗುತ್ತದೆ. ಹಾಗಾಗಿ ಮೂರು ವರ್ಷದ ಮಗುವಿರುವ ಮನೆಯವರು ಈ ಅಂಶಕ್ಕೆ ಕೊಡಬೇಕಾದ ತೂಕ ಬೇರೆ, ಕಾಲೇಜು ಮೆಟ್ಟಿಲೇರಿದ ಮಕ್ಕಳಿರುವವರದು ಬೇರೆ.

ಮುಂದೆ ಬರಲಿದೆ ಎಂಬ ಮಾತು

ಅಂಚಿನ ಬಡಾವಣೆಗಳನ್ನು ಮಾರುವವರು ಹೆಚ್ಚಾಗಿ ಭವಿಷ್ಯವನ್ನೇ ಮಾರುತ್ತಾರೆ: ಮೆಟ್ರೋ ಬರಲಿದೆ, ವರ್ತುಲ ರಸ್ತೆ ಬರಲಿದೆ, ಆಸ್ಪತ್ರೆ ಬರಲಿದೆ. ಇವುಗಳನ್ನು ಮೂರು ಗುಂಪು ಮಾಡಿ ನೋಡುವುದು ಲೇಸು. ಕಾಮಗಾರಿ ನಡೆಯುತ್ತಿರುವುದು ಕಣ್ಣಿಗೆ ಕಾಣುವಂಥದ್ದಕ್ಕೆ ಅರ್ಧ ಬೆಲೆ ಕೊಡಬಹುದು; ಹಣ ಮಂಜೂರಾಗಿ ಭೂಸ್ವಾಧೀನ ಮುಗಿದಿರುವುದಕ್ಕೆ ಸ್ವಲ್ಪ; ಘೋಷಣೆಯ ಹಂತದಲ್ಲಿರುವುದಕ್ಕೆ ಬಿಡಿಗಾಸೂ ಬೇಡ. ಹೊಸ ರಸ್ತೆಯ ಬಗ್ಗೆ ಇನ್ನೂ ಒಂದು ಎಚ್ಚರ ಬೇಕು. ಗಿಲ್ ಡುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ 2011ರಲ್ಲಿ ಅಮೆರಿಕದ ನಗರಗಳ ಅಂಕಿಅಂಶಗಳಿಂದ ತೋರಿಸಿದಂತೆ, ಅಂತರರಾಜ್ಯ ಹೆದ್ದಾರಿಗಳನ್ನು ಹೆಚ್ಚಿಸಿದಷ್ಟೇ ಪ್ರಮಾಣದಲ್ಲಿ ಅವುಗಳ ಮೇಲಿನ ವಾಹನ ಓಡಾಟವೂ ಹೆಚ್ಚುತ್ತದೆ. ಇವತ್ತು ಇಪ್ಪತ್ತೈದು ನಿಮಿಷದಲ್ಲಿ ಮುಗಿಯುವ ದಾರಿ, ಅದೇ ದಾರಿಯನ್ನು ನಂಬಿ ಇನ್ನಷ್ಟು ಮನೆಗಳು ಎದ್ದ ಮೇಲೆ ಹಾಗೇ ಉಳಿಯುತ್ತದೆಂದು ಭಾವಿಸುವುದು ಕಷ್ಟ. ಪಕ್ಕದ ಖಾಲಿ ಜಾಗಕ್ಕೆ ಭೂಬಳಕೆ ನಕ್ಷೆಯಲ್ಲಿ ಯಾವ ಬಣ್ಣ ಬಳಿದಿದ್ದಾರೆ ಎಂಬುದನ್ನು ಯೋಜನಾ ಪ್ರಾಧಿಕಾರದಲ್ಲಿ ನೋಡಿಕೊಳ್ಳಬೇಕು. ಇಂದಿನ ಹಸಿರು ಬಯಲು ನಾಳೆ ಗೋದಾಮೂ ಆಗಬಹುದು.

ಯಾರಿಗೆ ಯಾವುದು

ಇಬ್ಬರೂ ನಗರಕೇಂದ್ರದಲ್ಲಿ ದುಡಿಯುವ, ಚಿಕ್ಕ ಮಕ್ಕಳಿರುವ ಕುಟುಂಬಕ್ಕೆ ನಾನು ನಡುವಲಯದ ಬಡಾವಣೆಯನ್ನೇ ಹೇಳುತ್ತೇನೆ, ಮನೆ ಒಂದು ಕೋಣೆ ಚಿಕ್ಕದಾದರೂ ಸರಿ. ವೃದ್ಧ ತಂದೆತಾಯಿ ಜೊತೆಗಿದ್ದರೆ ಆಸ್ಪತ್ರೆ ಮತ್ತು ಅಂಗಡಿಗಳು ಕಾಲ್ನಡಿಗೆಗೆ ಸಿಗುವ ಹಳೆಯ ಬಡಾವಣೆಗೆ ಹೆಚ್ಚಿನ ತೂಕ ಬರುತ್ತದೆ, ಮೆಟ್ಟಿಲು ಹತ್ತುವ ಕಷ್ಟವಿಲ್ಲದ ಮನೆ ಸಿಕ್ಕಿದರೆ. ವಾರದಲ್ಲಿ ಒಂದೆರಡು ದಿನ ಮಾತ್ರ ಕಚೇರಿಗೆ ಹೋಗುವವರಿಗೆ ಅಂಚಿನ ಬಡಾವಣೆ ಮೊದಲಿನಷ್ಟು ಭಾರವಲ್ಲ. ಆದರೆ ಅಂಥವರು ಈಗಿನ ಕೆಲಸದ ನಿಯಮವನ್ನಲ್ಲ, ಕೆಲಸ ಬದಲಾದರೆ ಏನು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಉಪಗ್ರಹ ಪಟ್ಟಣ ಒಪ್ಪುವುದು ಅಲ್ಲೇ ಕೆಲಸವಿರುವವರಿಗೆ. ಮನೆಯ ಯಾವ ಸದಸ್ಯನಿಗೆ ಯಾವ ಹೊರೆ ಬೀಳುತ್ತದೆ ಎಂಬುದನ್ನೂ ಬರೆದು ನೋಡಬೇಕು: ಸರಾಸರಿ ಚೆನ್ನಾಗಿದ್ದು, ಶಾಲೆಗೆ ಬಿಟ್ಟು ಕರೆತರುವುದು, ಸಾಮಾನು ತರುವುದು ಎಲ್ಲವೂ ಒಬ್ಬರ ತಲೆಗೇ ಕಟ್ಟುವಂತಿದ್ದರೆ ಆ ಸರಾಸರಿ ಸುಳ್ಳು.

ಇಷ್ಟಾದ ಮೇಲೂ ಎರಡು ಬಡಾವಣೆಗಳು ಸಮಸಮವಾಗಿ ಉಳಿದರೆ, ಸಾಧ್ಯವಿದ್ದವರು ಅವುಗಳಲ್ಲೊಂದರಲ್ಲಿ ಒಂದು ಮಳೆಗಾಲವನ್ನೂ ಶಾಲೆಯ ಕೆಲವು ತಿಂಗಳನ್ನೂ ಒಳಗೊಳ್ಳುವಷ್ಟು ಕಾಲ ಬಾಡಿಗೆಗೆ ಇದ್ದು ನೋಡಬೇಕು. ಕೊಂಡು ಬೇಗ ಮಾರಿದರೆ ನೋಂದಣಿ ಶುಲ್ಕ, ತೆರಿಗೆ, ಮಧ್ಯವರ್ತಿಯ ಕಮಿಷನ್ ಎಲ್ಲ ಸೇರಿ ಆಗುವ ನಷ್ಟದ ಮುಂದೆ ಆ ಬಾಡಿಗೆ ಹೆಚ್ಚಿನದಲ್ಲ. ಬಾಡಿಗೆಗೆ ಹೋಗಲು ಆಗದವರು ಮರುಮಾರಾಟ ಎಲ್ಲಿ ಸುಲಭ ಎಂಬುದನ್ನು ನೋಡಿ ನಿರ್ಧರಿಸಬಹುದು. ಒಂದು ಬಡಾವಣೆಯಲ್ಲಿ ‘ಮಾರಾಟಕ್ಕಿದೆ’ ಎಂಬ ಫಲಕಗಳು ಬಿಸಿಲಿಗೆ ಬಣ್ಣಗೆಟ್ಟು ನೇತಾಡುತ್ತಿದ್ದು, ಇನ್ನೊಂದರಲ್ಲಿ ಜಾಹೀರಾತು ಬಂದ ಮನೆಗಳು ಕೆಲವೇ ವಾರಗಳಲ್ಲಿ ಕೈಬದಲಾಗುತ್ತಿದ್ದರೆ, ಎರಡನೆಯದರಲ್ಲಿ ಬೆಲೆ ಸ್ವಲ್ಪ ಹೆಚ್ಚಿದ್ದರೂ ಅದನ್ನೇ ಆರಿಸಿಕೊಳ್ಳುವುದು ಸುರಕ್ಷಿತ.